ಬಳ್ಳಿಗಾವಿಯ ಸುಂಕ, ಶಿರಾಳಕೊಪ್ಪದ ಟ್ಯೂಷನ್

ಆನವಟ್ಟಿಯ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಮಾವನ ಮನೆ. ಕಳೆದ ಮಳೆಗಾಲದ ಒಂದು ಸಂಜೆ ಅಲ್ಲಿನ ಜಗಲಿಯಲ್ಲಿ ಕೂತಿದ್ದೆವು. ಅವರ ಮಗಳಿಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬಂದಿತ್ತು. ಅದರ ಜೊತೆಗೆ ಖರ್ಚಿನ ಲೆಕ್ಕದ ಹಾಳೆಯೊಂದು. ಮಾವ ಎಸ್ಸೆಲ್ಸಿವರೆಗೆ ಓದಿದವರು. ಅಡಿಕೆ ತೋಟ, ಒಂದಿಷ್ಟು ಶುಂಠಿ, ಮಳೆ ಬಂದರೆ ಭತ್ತ. ಕನ್ನಡಕ ಹಾಕಿಕೊಂಡು ಹಾಳೆಯ ಮೊದಲ ಸಾಲನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದರು. ಟ್ಯೂಷನ್. ಅದರ ಮುಂದೆ ಡಾಲರಿನಲ್ಲಿ ದೊಡ್ಡದೊಂದು ಮೊತ್ತ.

"ಅಲ್ಲ ಮಾರಾಯ, ಇಷ್ಟು ದೊಡ್ಡ ಯೂನಿವರ್ಸಿಟಿ ಅಂತೀರಿ. ಅಲ್ಲಿಗೆ ಹೋದಮೇಲೂ ಇವಳನ್ನ ಟ್ಯೂಷನ್ನಿಗೆ ಹಾಕ್ಬೇಕಾ? ಹಂಗಾದ್ರೆ ಕಾಲೇಜಿನವರು ಏನು ಪಾಠ ಹೇಳ್ತಾರೆ?"

"ಅಪ್ಪಾ, ಅದು ಟ್ಯೂಷನ್ ಅಲ್ಲ, ಫೀಸು" ಎಂದಳು ಮಗಳು.

"ಫೀಸಿಗೆ ಫೀಸು ಅನ್ನದೆ ಟ್ಯೂಷನ್ ಅಂತ ಯಾಕಂತಾರೆ?"

ಅವತ್ತು ಸರಿಯಾದ ಉತ್ತರ ನನ್ನ ಬಾಯಿಗೆ ಬರಲಿಲ್ಲ. ಆದರೆ ಅವರ ಮೊದಲ ಪ್ರಶ್ನೆ, ಕಾಲೇಜಿನವರು ಏನು ಪಾಠ ಹೇಳ್ತಾರೆ ಎಂಬುದು, ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಶಿಕಾರಿಪುರ, ಸೊರಬದಂಥ ತಾಲ್ಲೂಕುಗಳಲ್ಲಿ ಮಕ್ಕಳನ್ನು ಓದಿಸುವ ಯಾವ ತಂದೆ ತಾಯಿಯಾದರೂ ಕೇಳಬೇಕಾದ ಪ್ರಶ್ನೆ ಅದು. ಒಂದು ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಆಗಿರುವ ಅರ್ಥಕ್ಕೂ ಅದರ ಹುಟ್ಟಿನ ಅರ್ಥಕ್ಕೂ ನಡುವೆ ಇರುವ ಜಾಗದಲ್ಲೇ ಆ ಪ್ರಶ್ನೆ ಕೂತಿದೆ.

ಟ್ಯೂಷನ್ ಲ್ಯಾಟಿನ್ ಮೂಲದ ಮಾತು. ಕಾಯುವುದು, ಕಣ್ಣಿಟ್ಟು ನೋಡಿಕೊಳ್ಳುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಟ್ಯೂಟರ್ ಕೂಡ ಅದೇ ಬೇರಿನದು. ಇಂಗ್ಲಿಷಿಗೆ ಬಂದಾಗ ಮೊದಲು ಅದಕ್ಕಿದ್ದ ಅರ್ಥ ಪೋಷಕತ್ವ, ಅಂದರೆ ಒಂದು ಮಗುವಿನ ಹೊಣೆ ಹೊತ್ತು ಕಾಯುವುದು. ಆಮೇಲೆ ಪಾಠ ಹೇಳುವುದು ಎಂದಾಯಿತು. ಪಾಠ ಹೇಳಿದ್ದಕ್ಕೆ ಕೊಡುವ ಹಣ ಟ್ಯೂಷನ್ ಫೀ. ಅಮೆರಿಕದವರು ಕಾಲಕ್ರಮದಲ್ಲಿ ಫೀ ಎಂಬ ಬಾಲವನ್ನೂ ಕತ್ತರಿಸಿ, ಹಣಕ್ಕೇ ಟ್ಯೂಷನ್ ಎಂದರು. ಕಾಯುವ ಕೆಲಸದಿಂದ ಹೊರಟ ಮಾತು ಕಾಸಿನಲ್ಲಿ ಬಂದು ನಿಂತಿತು.

ನಮ್ಮಲ್ಲಿ ಅದು ಬೇರೆ ದಾರಿ ಹಿಡಿಯಿತು. ಶಿರಾಳಕೊಪ್ಪದಲ್ಲಿ, ಶಿಕಾರಿಪುರದಲ್ಲಿ, ಸೊರಬದಲ್ಲಿ ಯಾರನ್ನಾದರೂ ಟ್ಯೂಷನ್ ಎಂದರೇನು ಎಂದು ಕೇಳಿ. ಶಾಲೆ ಬಿಟ್ಟಮೇಲೆ ಮೇಷ್ಟ್ರ ಮನೆಯಲ್ಲೋ, ಅಂಗಡಿಯ ಮೇಲಿನ ಕೋಣೆಯಲ್ಲೋ ನಡೆಯುವ ಪಾಠ ಎನ್ನುತ್ತಾರೆ. ಹಳಬರು ಮನೆಪಾಠ ಎನ್ನುತ್ತಿದ್ದರು. ಒಳ್ಳೆಯ ಪದ, ಈಗ ಮರೆಯಾಗುತ್ತಿದೆ. ಟ್ಯೂಷನ್ನಿಗೆ ಹೋಗುವುದು, ಟ್ಯೂಷನ್ನಿಗೆ ಹಾಕುವುದು, ಟ್ಯೂಷನ್ ಹೇಳುವುದು. ಈ ಎಲ್ಲ ಬಳಕೆಯಲ್ಲೂ ಟ್ಯೂಷನ್ ಎಂದರೆ ಶಾಲೆಯಲ್ಲಿ ಸಿಗದೇ ಹೋದ ಪಾಠ.

ಆದರೆ ಅದೇ ಮಗುವಿನ ಶಾಲೆ ಕೊಡುವ ರಸೀದಿ ನೋಡಿ. ಮೊದಲ ಸಾಲೇ ಟ್ಯೂಷನ್ ಫೀ, ಕನ್ನಡದಲ್ಲಿ ಅಚ್ಚು ಹಾಕಿಸಿದ್ದರೆ ಬೋಧನಾ ಶುಲ್ಕ. ಬೋಧನೆಗೆಂದು ಬೆಳಗಿನ ಶಾಲೆಯಲ್ಲಿ ಒಮ್ಮೆ ಹಣ ಕೊಟ್ಟಾಗಿದೆ. ಸಂಜೆ ಅದೇ ಬೋಧನೆಗೆ, ಅದೇ ಹೆಸರಿನಲ್ಲಿ, ಇನ್ನೊಮ್ಮೆ ಕೊಡುತ್ತೇವೆ. ಮೊದಲನೆಯದನ್ನು ಫೀಸು ಎಂದು ಕರೆದು ಎರಡನೆಯದನ್ನು ಮಾತ್ರ ಟ್ಯೂಷನ್ ಎಂದು ಕರೆಯುವುದರಿಂದ, ಎರಡೂ ಒಂದೇ ಸರಕಿನ ಬೆಲೆ ಎಂಬುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮಾವನಿಗೆ ಇಂಗ್ಲಿಷ್ ಬರುವುದಿಲ್ಲವೆಂದೇ ಅದು ಕಣ್ಣಿಗೆ ಬಿತ್ತು ಎಂದು ನನಗೆ ಅನಿಸುತ್ತದೆ.

ನಮ್ಮ ಜನ ಈ ಹಣಗಳ ಜೊತೆ ಬಳಸುವ ಕ್ರಿಯಾಪದಗಳನ್ನು ಗಮನಿಸಬೇಕು. ಫೀಸನ್ನು ಕಟ್ಟುತ್ತೇವೆ. ಕಂದಾಯ ಕಟ್ಟಿದ ಹಾಗೆ, ಕರೆಂಟ್ ಬಿಲ್ ಕಟ್ಟಿದ ಹಾಗೆ. ಟ್ಯೂಷನ್ ದುಡ್ಡನ್ನು ಮಾತ್ರ ಕೊಡುತ್ತೇವೆ. ಅಲ್ಲಿ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ, ಮೇಷ್ಟ್ರೋ ಟೀಚರೋ. ಇನ್ನು ಡೊನೇಶನ್. ನಿಘಂಟಿನಲ್ಲಿ ಅದಕ್ಕೆ ದಾನ, ಕೊಡುಗೆ ಎಂದಿದೆ. ಆದರೆ ಮಗನ ಸೀಟಿಗೆ ಡೊನೇಶನ್ ಕೊಟ್ಟೆ ಎನ್ನುವವರಿಗಿಂತ ಡೊನೇಶನ್ ಕಟ್ಟಿದೆ ಎನ್ನುವವರೇ ಹೆಚ್ಚು. ದಾನವನ್ನು ಯಾರೂ ಕಟ್ಟುವುದಿಲ್ಲ. ಅದು ದಾನವಲ್ಲ ಎಂಬುದನ್ನು ಕನ್ನಡದ ಕ್ರಿಯಾಪದ ಕಾನೂನಿಗಿಂತ ಮೊದಲೇ ಗುರುತಿಸಿದೆ.

ಈ ಮಾತುಗಳನ್ನು ಬೇರೆ ಯಾವ ಊರಿನಲ್ಲಾದರೂ ಕೂತು ಯೋಚಿಸಬಹುದಿತ್ತು. ಆದರೆ ಶಿರಾಳಕೊಪ್ಪದಿಂದ ಕೂಗಳತೆ ದೂರದಲ್ಲಿ ಬಳ್ಳಿಗಾವಿ ಇದೆ. ವಿದ್ಯೆಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಕಲ್ಲಿನಲ್ಲಿ ಬರೆದಿಟ್ಟ ಒಂದು ಉತ್ತರ ಅಲ್ಲಿದೆ.

ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ ಊರು ಅದು. ಅಲ್ಲಮಪ್ರಭುವಿನ ಊರು. ಊರ ತೆಂಕಣ ದಿಕ್ಕಿಗೆ ಕೆರೆ, ಕೆರೆಯ ಪಕ್ಕ ಕೇದಾರೇಶ್ವರ ದೇವಾಲಯ. ಅಲ್ಲಿದ್ದದ್ದೇ ಕೋಡಿಯ ಮಠ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠದಲ್ಲಿ ಏನೇನು ಕಲಿಸುತ್ತಿದ್ದರು ಎಂಬುದನ್ನು ಸಾಲಾಗಿ ಹೇಳುತ್ತದೆ. ನಾಲ್ಕು ವೇದ, ವೇದಾಂಗಗಳು, ಪಾಣಿನಿಯದೂ ಶಾಕಟಾಯನನದೂ ಸೇರಿ ಹಲವು ವ್ಯಾಕರಣಗಳು, ಷಡ್ದರ್ಶನ, ಲಾಕುಳ ಸಿದ್ಧಾಂತ, ಯೋಗಶಾಸ್ತ್ರ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಅದೇ ಉಸಿರಿನಲ್ಲಿ ಇನ್ನೊಂದು ಪಟ್ಟಿಯೂ ಇದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಅವರಿಗೆಲ್ಲ ಅನ್ನ ಇಕ್ಕುವ ಜಾಗ ಅದು, ರೋಗಿಗಳಿಗೆ ಮದ್ದು ಕೊಡುವ ಜಾಗ ಅದು. ವ್ಯಾಕರಣ ಮತ್ತು ಅನ್ನ ಒಂದೇ ಕಲ್ಲಿನಲ್ಲಿ ಅಕ್ಕಪಕ್ಕ ಇವೆ. ನಾನು ಮೊದಲ ಸಲ ಅದರ ಪಾಠ ಓದಿದಾಗ ವೇದಾಂಗಗಳ ಪಟ್ಟಿಗಿಂತ ಕುಂಟರು ಕುರುಡರ ಪಟ್ಟಿಯಲ್ಲೇ ಹೆಚ್ಚು ಹೊತ್ತು ನಿಂತೆ.

ಇದಕ್ಕೆಲ್ಲ ಹಣ ಎಲ್ಲಿಂದ? ಓದುವವನಿಂದಲ್ಲ. ದತ್ತಿ ಬಿಟ್ಟ ಹಳ್ಳಿಗಳ ಹುಟ್ಟುವಳಿಯಿಂದ, ಗದ್ದೆ ತೋಟದಿಂದ. ಪೇಟೆಗೆ ಬರುವ ಸರಕಿನ ಮೇಲೆ ಹಾಕಿದ ಸುಂಕದ ಒಂದು ಪಾಲನ್ನು ದೇವಾಲಯಕ್ಕೂ ಮಠಕ್ಕೂ ಬಿಟ್ಟುಕೊಟ್ಟ ದಾಖಲೆಗಳು ಬನವಾಸಿ ನಾಡಿನ ಶಾಸನಗಳಲ್ಲಿ ಬೇಕಾದಷ್ಟಿವೆ. ಹೆಜ್ಜುಂಕ, ವಡ್ಡರಾವುಳ ಎಂದು ಆ ತೆರಿಗೆಗಳಿಗೆ ಹೆಸರು.

ಇಲ್ಲಿ ಒಂದು ಮಾತಿನ ಗಂಟು ಬಿಚ್ಚಿಕೊಳ್ಳುತ್ತದೆ. ಸುಂಕ ಎಂಬುದು ಶುಲ್ಕ ಎಂಬ ಸಂಸ್ಕೃತ ಪದದ ತದ್ಭವ. ಹೈಸ್ಕೂಲಿನ ತತ್ಸಮ ತದ್ಭವ ಪಟ್ಟಿಯಲ್ಲಿ ನಾವೆಲ್ಲ ಉರುಹೊಡೆದದ್ದೇ. ಅಂದರೆ ಎರಡೂ ಒಂದೇ ಪದ. ಎತ್ತಿನ ಮೇಲೆ ಮೆಣಸು ಹೇರಿಕೊಂಡು ಬಂದ ವ್ಯಾಪಾರಿ ಕೊಟ್ಟದ್ದು ಸುಂಕ, ಆ ಹಣದಲ್ಲಿ ಹುಡುಗ ಓದಿದ. ಈಗ ಹುಡುಗನೇ ಶುಲ್ಕ ಕೊಡಬೇಕು. ಒಂದೇ ಪದ ಪೇಟೆಯ ಬಾಗಿಲಿನಿಂದ ಶಾಲೆಯ ಬಾಗಿಲಿಗೆ ಬಂದು ಕೂತಿದೆ. ಅಲ್ಲಿ ಹೊರೆಯ ಮೇಲೆ ಇದ್ದದ್ದು ಇಲ್ಲಿ ಮಗುವಿನ ಮೇಲೆ ಇದೆ.

ಇಂಗ್ಲಿಷಿನ ಫೀ ಕೂಡ ಹೀಗೇ ಜಾಗ ಬದಲಿಸಿದ ಪದ. ಊಳಿಗಮಾನ್ಯ ಕಾಲದ ಯುರೋಪಿನಲ್ಲಿ ಫೀ ಎಂದರೆ ಸೇವೆ ಮಾಡುವವನಿಗೆ ಬಿಟ್ಟುಕೊಟ್ಟ ಭೂಮಿ. ಕನ್ನಡ ಶಾಸನಗಳ ವೃತ್ತಿಯೂ ಅದೇ: ಪಾಠ ಹೇಳುವವನಿಗೆ, ಪೂಜೆ ಮಾಡುವವನಿಗೆ ಅವನ ಬದುಕು ಸಾಗಲೆಂದು ಬಿಟ್ಟ ನೆಲ. ನೆಲ ಹೋಗಿ ವೃತ್ತಿ ಎಂದರೆ ಬರಿಯ ಉದ್ಯೋಗವಾಯಿತು. ಅಲ್ಲಿಯೂ ನೆಲ ಹೋಗಿ ಫೀ ಎಂದರೆ ಬರಿಯ ರೊಕ್ಕವಾಯಿತು.

ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಶಿಕಾರಿಪುರ ತಾಲ್ಲೂಕಿನದೇ ಆದ ತಾಳಗುಂದದ ಕಂಬದ ಶಾಸನ ಮಯೂರಶರ್ಮನ ಕಥೆ ಹೇಳುತ್ತದೆ. ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕಾಸ್ಥಾನಕ್ಕೆ ಹೋದವನು, ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾಗಿ ದರ್ಭೆ ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಹೆಚ್ಚಿನ ಓದಿಗೆ ಈ ಸೀಮೆ ಬಿಟ್ಟು ಹೋದವರಲ್ಲಿ ನಮಗೆ ಹೆಸರು ಗೊತ್ತಿರುವ ಮೊದಲಿಗ ಅವನು. ಆದರೆ ಅಗ್ರಹಾರದ ವಿದ್ಯೆ ಅಗ್ರಹಾರದ ಮಕ್ಕಳದು. ಗದ್ದೆ ಉಳುವವನ ಮಗನಿಗೆ, ಕೆರೆಯ ಹೂಳೆತ್ತುವವಳ ಮಗಳಿಗೆ ಆ ಘಟಿಕೆಯ ಬಾಗಿಲು ಇರಲಿಲ್ಲ. ಶುಲ್ಕವಿಲ್ಲದ ವಿದ್ಯೆ ಎಲ್ಲರ ವಿದ್ಯೆಯಾಗಿರಲಿಲ್ಲ. ಎಲ್ಲರಿಗೂ ಬಾಗಿಲು ತೆರೆದದ್ದು ಸರ್ಕಾರಿ ಕನ್ನಡ ಶಾಲೆ. ಬಳ್ಳಿಗಾವಿಯ ಸುಂಕದ ನಿಜವಾದ ವಾರಸುದಾರ ಯಾರು ಎಂದರೆ ಊರ ನಡುವಿನ ಆ ಹೆಂಚಿನ ಕಟ್ಟಡ ಎಂದೇ ನಾನು ಹೇಳುತ್ತೇನೆ. ಅಲ್ಲಿಯೂ ಓದುವವನಲ್ಲ, ನಾಡು ತೆರಿಗೆಯಿಂದ ಹಣ ಕೊಡುತ್ತದೆ.

ನಡುವೆ ಕೂಲಿಮಠಗಳ ಕಾಲ ಒಂದಿತ್ತು. ಹೆಸರಲ್ಲೇ ಕೂಲಿ ಇದೆ, ಊರ ಜನ ಕೊಡುವ ಕಾಳು ಕಡ್ಡಿ, ಚೂರು ಪಾರು ಹಣದಲ್ಲಿ ಅಯ್ಯನವರು ಪಾಠ ಹೇಳುತ್ತಿದ್ದರು. ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಲ್ಲಿ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು ಇದ್ದರೆಂದಿದೆ. ಮೇಷ್ಟ್ರಿಗೆ ತಿಂಗಳಿಗೆ ಸಿಗುತ್ತಿದ್ದದ್ದು ಆರೇಳು ರೂಪಾಯಿ. ಒಳ್ಳೆಯವರು ಈ ಕೆಲಸಕ್ಕೆ ಬರಲು ಅದು ಸಾಲದು ಎಂದು ಅವನೇ ಬರೆದಿದ್ದಾನೆ. ದೇಶ ಬಡವಾಗುತ್ತಿರುವುದರಿಂದ ಮಧ್ಯಮ ಮತ್ತು ಕೆಳವರ್ಗದವರಿಗೆ ಓದಿನ ಖರ್ಚು ಹೊರಲಾಗುತ್ತಿಲ್ಲ ಎಂದೂ ಒಪ್ಪಿಕೊಂಡಿದ್ದಾನೆ. ಇನ್ನೂರು ವರ್ಷದ ಹಿಂದಿನ ಮಾತು.

ನಮ್ಮ ಕಾಲಕ್ಕೆ ಬಂದರೆ, ಟ್ಯೂಷನ್ ಫೀ ಎಂಬ ಪದದ ಅರ್ಥವೇನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಹೋದದ್ದು ನಮ್ಮ ರಾಜ್ಯದಿಂದಲೇ. ಕ್ಯಾಪಿಟೇಶನ್ ಶುಲ್ಕವನ್ನು, ಅಂದರೆ ಸೀಟು ಕೊಡಲು ನಿಗದಿಗಿಂತ ಹೆಚ್ಚಾಗಿ ಪಡೆಯುವ ಹಣವನ್ನು, ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1984ರಲ್ಲೇ ಮಾಡಿತ್ತು. ಆ ಕಾಯ್ದೆಯಡಿ 1989ರ ಜೂನ್‌ನಲ್ಲಿ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಬೋಧನಾ ಶುಲ್ಕ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೀರತ್‌ನ ವಿದ್ಯಾರ್ಥಿನಿಯೊಬ್ಬಳಿಗೆ ತುಮಕೂರಿನ ಖಾಸಗಿ ಕಾಲೇಜು 60,000 ಕಟ್ಟಲು, ಉಳಿದ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ ತರಲು ಹೇಳಿತು. ಅದೇ ಮೋಹಿನಿ ಜೈನ್ ಪ್ರಕರಣ. ಇದು ಬೋಧನಾ ಶುಲ್ಕ, ಕ್ಯಾಪಿಟೇಶನ್ ಅಲ್ಲ ಎಂಬುದು ಕಾಲೇಜಿನ ಕಡೆಯ ವಾದ. 1992ರ ಜುಲೈ 30ರಂದು ತೀರ್ಪು ಬಂತು. ಟ್ಯೂಷನ್ ಫೀ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಟ್ಯೂಷನ್ ಫೀ ಆಗುವುದಿಲ್ಲ, ಸರ್ಕಾರಿ ಸೀಟಿನವನಿಗೆ ಎರಡು ಸಾವಿರ ಇರುವಾಗ ಅದರ ಮೇಲಿನದು ಕ್ಯಾಪಿಟೇಶನ್ನೇ ಎಂದಿತು ನ್ಯಾಯಾಲಯ. ಹೆಸರಿನ ಹಿಂದೆ ಬಚ್ಚಿಟ್ಟ ಹಣವನ್ನು ಹೆಸರು ಸರಿಸಿ ನೋಡಿದ ತೀರ್ಪು ಅದು. ವಿದ್ಯೆ ಮೂಲಭೂತ ಹಕ್ಕು ಎಂದು ಹೇಳಿದ ತೀರ್ಪೂ ಅದೇ.

ಮರುವರ್ಷ, 1993ರಲ್ಲಿ, ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ಅರ್ಧ ಸೀಟುಗಳಿಗೆ ಸರ್ಕಾರಿ ದರ, ಇನ್ನರ್ಧಕ್ಕೆ ಹೆಚ್ಚಿನ ದರ ಎಂಬ ಯೋಜನೆ ಹಾಕಿಕೊಟ್ಟಿತು. ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಎರಡು ಮಾತುಗಳು ನಮ್ಮ ಹಳ್ಳಿಗಳ ಕಟ್ಟೆಗೆ ಬಂದದ್ದು ಹೀಗೆ. 1994ರಿಂದ ಆ ಸೀಟುಗಳಿಗೆ ಸಿಇಟಿ ಎಂಬ ಪ್ರವೇಶ ಪರೀಕ್ಷೆ. ಇಂಥವರ ಮಗನಿಗೆ ಫ್ರೀ ಸೀಟು ಸಿಕ್ಕಿತಂತೆ ಎಂಬುದು ಆ ದಶಕದಲ್ಲಿ ಊರಿಗೇ ಹಬ್ಬದ ಸುದ್ದಿ. ಮೊದಲ ಸಲ ಪೇಟೆಯ ಡಾಕ್ಟರ ಮಗನೂ ಹಳ್ಳಿಯ ಮೇಷ್ಟ್ರ ಮಗಳೂ ಒಂದೇ ಸಾಲಿನಲ್ಲಿ ನಿಂತಿದ್ದರು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಯೋಜನೆಯನ್ನು ತೆಗೆದುಹಾಕಿತು. ಲಾಭಕೋರತನ ಬೇಡ, ಕ್ಯಾಪಿಟೇಶನ್ ಬೇಡ, ಆದರೆ ಸಂಸ್ಥೆ ತನ್ನ ಶುಲ್ಕ ತಾನು ನಿಗದಿ ಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು ಎಂದಿತು. ಆಗಿನಿಂದ ರಸೀದಿಯ ಸಾಲುಗಳು ಉದ್ದವಾಗುತ್ತಲೇ ಬಂದಿವೆ.

ರಸೀದಿಯಲ್ಲಿ ಯಾವ ಸಾಲಿಗೆ ಯಾವ ಹೆಸರಿದೆ ಎಂಬುದು ಮನೆಯವರಿಗೂ ಮುಖ್ಯ. ಹಳೆಯ ತೆರಿಗೆ ಪದ್ಧತಿಯಲ್ಲಿ ಇಬ್ಬರು ಮಕ್ಕಳ ಟ್ಯೂಷನ್ ಫೀಗೆ, ಒಟ್ಟು ಒಂದೂವರೆ ಲಕ್ಷದ ಮಿತಿಯೊಳಗೆ, ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಆದರೆ ಆ ಕಾನೂನಿನ ಟ್ಯೂಷನ್ ಫೀ ಎಂದರೆ ಶಾಲೆ ಕಾಲೇಜಿಗೆ ಕಟ್ಟಿದ ಬೋಧನಾ ಶುಲ್ಕ ಮಾತ್ರ. ಅಭಿವೃದ್ಧಿ ಶುಲ್ಕಕ್ಕಿಲ್ಲ, ಡೊನೇಶನ್ನಿಗಿಲ್ಲ, ಸಂಜೆಯ ಟ್ಯೂಷನ್ನಿಗೆ ಕೊಟ್ಟದ್ದಕ್ಕಂತೂ ಇಲ್ಲವೇ ಇಲ್ಲ. ನಾವು ಯಾವುದನ್ನು ಟ್ಯೂಷನ್ ಎನ್ನುತ್ತೇವೋ ಅದು ಸರ್ಕಾರದ ಲೆಕ್ಕದಲ್ಲಿ ಟ್ಯೂಷನ್ ಅಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮಿನಲ್ಲಿ ಮಾತ್ರ ಅದು ನಮ್ಮ ಅರ್ಥದಲ್ಲೇ ಬಂದಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ ಯಾವ ಶಿಕ್ಷಕನೂ ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಕಾರಣ ಸರಳ. ಸಂಜೆ ಹಣ ಕೊಡುವವರು ಬರುತ್ತಾರೆ ಎಂದು ಗೊತ್ತಿರುವ ಕಡೆ ಬೆಳಗಿನ ಪಾಠ ತೆಳ್ಳಗಾಗುತ್ತದೆ. ಇದನ್ನು ನಾನು ಕಾನೂನಿನ ಪುಸ್ತಕದಿಂದ ಕಲಿತದ್ದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮಗೆ ಗಣಿತ ಹೇಳುತ್ತಿದ್ದವರೊಬ್ಬರು ತರಗತಿಯಲ್ಲಿ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದು ಸಂಜೆ ಎನ್ನುತ್ತಿದ್ದರು. ಸಂಜೆಗೆ ಹೋಗುವವರು ಹನ್ನೆರಡು ಜನ. ಹೋಗಲಾಗದ ನಾವು ಮೂವತ್ತೈದು ಜನ. ಕಪ್ಪುಹಲಗೆಯ ಮೇಲೆ ಅರ್ಧಕ್ಕೆ ನಿಂತ ಆ ವರ್ಗಸಮೀಕರಣ ನನಗೆ ಈಗಲೂ ಕಾಣುತ್ತದೆ. ಎಲ್ಲ ಮೇಷ್ಟ್ರೂ ಹಾಗಿರಲಿಲ್ಲ. ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರು ಹತ್ತನೇ ತರಗತಿಯ ನಮ್ಮನ್ನು ಪರೀಕ್ಷೆಯ ತಿಂಗಳಿಡೀ ರಾತ್ರಿ ಎಂಟರವರೆಗೆ ಕೂರಿಸಿಕೊಂಡು, ಕೊನೆಯ ಬಸ್ಸು ತಪ್ಪಿದವರನ್ನು ತಮ್ಮ ಮನೆಗೇ ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಲ್ಯಾಟಿನ್ನಿನ ಅರ್ಥದಲ್ಲಿ ಟ್ಯೂಷನ್ ಹೇಳಿದವರು ಅವರು.

ಬಂಗಾಳ, ಬಿಹಾರಗಳಿಗೆ ಹೋಲಿಸಿದರೆ ಕರ್ನಾಟಕದ ಹಳ್ಳಿಗಳಲ್ಲಿ ಟ್ಯೂಷನ್ನಿಗೆ ಹೋಗುವ ಮಕ್ಕಳು ತೀರಾ ಕಡಿಮೆ. ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಇದು ನಮಗೆ ಹೆಮ್ಮೆಯ ವಿಷಯ, ಕಳೆದುಕೊಳ್ಳಬಾರದ ವಿಷಯ. ಆದರೆ ಪಿಯುಸಿ ವಿಜ್ಞಾನಕ್ಕೆ ಬಂದೊಡನೆ ಚಿತ್ರ ಬದಲಾಗುತ್ತದೆ. ಅಲ್ಲಿ ಟ್ಯೂಷನ್ ಎಂಬ ಮಾತೇ ಸಣ್ಣದಾಗಿ ಕೋಚಿಂಗ್ ಆಗುತ್ತದೆ. ಶಿಕಾರಿಪುರ, ಸೊರಬದ ಮಕ್ಕಳು ಶಿವಮೊಗ್ಗ, ದಾವಣಗೆರೆ, ಮೂಡುಬಿದಿರೆಯ ಹಾಸ್ಟೆಲುಗಳಿಗೆ ಹೊರಡುತ್ತಾರೆ. ಅಲ್ಲಿ ಕಾಲೇಜಿನ ಫೀಸು, ನೀಟ್ ಕೋಚಿಂಗಿನ ಫೀಸು, ಹಾಸ್ಟೆಲಿನ ಫೀಸು ಎಲ್ಲ ಕಲಸಿ ಒಂದೇ ಪ್ಯಾಕೇಜು. ಎಷ್ಟು ಹಣ ಪಾಠಕ್ಕೆ, ಎಷ್ಟು ಅನ್ನಕ್ಕೆ ಎಂದು ಬಿಡಿಸಿ ಕೇಳಿದರೆ ಉತ್ತರ ಸಿಗುವುದು ಕಷ್ಟ.

ಇದಕ್ಕೆಲ್ಲ ಹಣ ಹೊಂದಿಸಬೇಕಾದದ್ದು ಜೂನ್‌ನಲ್ಲಿ. ಪಟ್ಟಣದವರಿಗೆ ಜೂನ್ ಒಂದು ತಿಂಗಳು, ಅಷ್ಟೆ. ನಮ್ಮ ಸೀಮೆಯಲ್ಲಿ ಅದು ಬಿತ್ತನೆಯ ತಿಂಗಳು. ಮೆಕ್ಕೆಜೋಳದ ಬೀಜ, ಗೊಬ್ಬರ, ಗದ್ದೆ ಹೂಡುವ ಟ್ರ್ಯಾಕ್ಟರಿನ ಬಾಡಿಗೆ, ಅಡಿಕೆಗೆ ಬೋರ್ಡೋ ಹೊಡೆಯುವ ಆಳಿನ ಕೂಲಿ. ಮೆಕ್ಕೆಜೋಳ ಕೈಗೆ ಬರುವುದು ದೀಪಾವಳಿಯ ಹೊತ್ತಿಗೆ. ಅಡಿಕೆ ಕೊನೆ ಇಳಿಯುವುದು ಮಳೆ ಹೊರಟ ಮೇಲೆ. ಶುಂಠಿಗೆ ಇನ್ನೂ ತಡ. ವರ್ಷದಲ್ಲಿ ರೈತನ ಕೈ ಅತಿ ಖಾಲಿ ಇರುವ ತಿಂಗಳನ್ನೇ ಹುಡುಕಿ ಶಾಲೆಗಳು ಫೀಸು ಕೇಳುತ್ತವೆ. ಆಗ ಮಂಡಿಯಲ್ಲಿ ಬರಲಿರುವ ಅಡಿಕೆಯ ಮೇಲೆ ಮುಂಗಡ, ಸೊಸೈಟಿಯಲ್ಲಿ ಸಾಲ, ಅದೂ ಆಗದಿದ್ದರೆ ಹೆಂಡತಿಯ ಬಳೆ. ಜೂನ್ ತಿಂಗಳಲ್ಲಿ ಈ ಊರುಗಳ ಚಿನ್ನದ ಸಾಲದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಫೀಸು ಎಂಬ ಪದದ ಅರ್ಥ ತಿಳಿಯುತ್ತದೆ. ಫೀಸಿನ ಕಂತುಗಳನ್ನು ಸುಗ್ಗಿಗೆ ಹೊಂದಿಸಿ ಇಡಬಾರದೇಕೆ? ಒಂದು ತಾಲ್ಲೂಕಿನ ಶಾಲೆಗಳೆಲ್ಲ ಕೂತು ಮಾತಾಡಿಕೊಂಡರೆ ಒಂದು ಪೈಸೆಯ ಖರ್ಚಿಲ್ಲದೆ ಆಗುವ ಕೆಲಸ.

ಮಕ್ಕಳ ಓದಿನ ಈ ಮಾತನ್ನು ಕೇಳಿಸಿಕೊಳ್ಳಲು ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ರಾಜ್ಯವನ್ನು ಆಳಿದವರ ಕೊರತೆ ಇಲ್ಲ. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದರು. ಹಳ್ಳಿಯಲ್ಲಿ ಓದಿದವರಿಗೆ ನೇಮಕಾತಿಯಲ್ಲಿ ಕೊಟ್ಟ ಗ್ರಾಮೀಣ ಕೃಪಾಂಕವನ್ನು ನಮ್ಮ ಕಡೆಯವರು ಇನ್ನೂ ನೆನೆಯುತ್ತಾರೆ. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಹಣಕಾಸು ಖಾತೆ ಹಿಡಿದಿದ್ದ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಮೈಲುಗಟ್ಟಲೆ ನಡೆದು ಹೈಸ್ಕೂಲಿಗೆ ಹೋಗಬೇಕಾಗಿದ್ದ ಹೆಣ್ಣುಮಕ್ಕಳಿಗೆ ಆ ಸೈಕಲ್ ಏನಾಗಿತ್ತು ಎಂದು ಅವರನ್ನೇ ಕೇಳಬೇಕು. 2023ರಲ್ಲಿ ಶಾಲಾ ಶಿಕ್ಷಣ ಸಚಿವರಾದ ಮಧು ಬಂಗಾರಪ್ಪ ಸೊರಬದ ಶಾಸಕರೇ.

ಸರ್ಕಾರಿ ಶಾಲೆಯ ಬಾಗಿಲಿಗೂ ಒಮ್ಮೆ ಹಣದ ಮಾತು ಬಂದಿತ್ತು, ದೇಣಿಗೆ ಎಂಬ ಹೆಸರಿನಲ್ಲಿ. 2022ರ ಅಕ್ಟೋಬರ್‌ನಲ್ಲಿ, ಶಾಲಾಭಿವೃದ್ಧಿ ಸಮಿತಿಗಳು ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ಪಡೆಯಬಹುದು ಎಂದು ಸುತ್ತೋಲೆ ಹೊರಟಿತು. ಬಲವಂತವಿಲ್ಲ, ಇಷ್ಟವಿದ್ದವರು ಕೊಡಬಹುದು ಎಂದಿದ್ದರು. ರಾಜ್ಯದುದ್ದಕ್ಕೂ ಕೂಗೆದ್ದು ಕೆಲವೇ ದಿನಗಳಲ್ಲಿ ಅದು ಹಿಂದಕ್ಕೆ ಹೋಯಿತು. ದೇಣಿಗೆ ಎಂದು ಒಳಗೆ ಬಂದ ಮಾತು ಕಟ್ಟುವುದಾಗಿ ಬದಲಾಗಲು ಎಷ್ಟು ಹೊತ್ತು ಬೇಕು ಎಂಬುದು ಜನಕ್ಕೆ ಗೊತ್ತಿತ್ತು.

ಮೊನ್ನೆ ಮತ್ತೆ ಆನವಟ್ಟಿಗೆ ಹೋಗಿದ್ದೆ. ಮಗಳ ಓದಿಗೆ ಸಾಲ ಕೇಳಲು ಮಾವ ಬ್ಯಾಂಕಿಗೆ ತೋಟದ ಪಹಣಿ ತೆಗೆದುಕೊಂಡು ಹೋಗಿದ್ದರಂತೆ. ಅಷ್ಟು ದೊಡ್ಡ ಮೊತ್ತಕ್ಕೆ ಅಡಮಾನ ಬೇಕು, ಆದರೆ ಕೃಷಿಭೂಮಿ ನಡೆಯುವುದಿಲ್ಲ, ಮನೆಯ ಕಾಗದ ತನ್ನಿ ಎಂದಿದ್ದಾರೆ. ಹಳ್ಳಿಯ ಮನೆಗೆ ಪಂಚಾಯ್ತಿಯ ಇ-ಸ್ವತ್ತು ಆಗಬೇಕು, ಫಾರಂ 9 ಬೇಕು, 11 ಬೇಕು. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದೆ. ಮಾವ ಜಗಲಿಯ ಮೇಲೆ ಟ್ರಂಕು ಬಿಚ್ಚಿ ಹಳೆಯ ಕಾಗದಗಳನ್ನು ಹರಡಿಕೊಂಡಿದ್ದರು. ಅಮೆರಿಕದ ಆ ಹಾಳೆಯೂ ಅದರ ನಡುವೆ ಇತ್ತು. ಅಷ್ಟರಲ್ಲಿ ಚಿಕ್ಕ ಮಗ ಶಾಲೆಯಿಂದ ಬಂದು ಚೀಲ ಇಳಿಸಿ, ಟ್ಯೂಷನ್ ಮೇಷ್ಟ್ರು ಈ ತಿಂಗಳದ್ದು ಕೇಳಿದಾರೆ ಎಂದ. ಮಾವ ಕನ್ನಡಕ ಮೇಲೆತ್ತಿ ಅವನ ಮುಖ ನೋಡಿ, ಪಹಣಿಯನ್ನು ಬದಿಗಿಟ್ಟು, ಜೇಬಿಗೆ ಕೈಹಾಕಿದರು.